ಮನಸ್ಸು ಬಿಚ್ಚಿ ಪ್ರಾರ್ಥಿಸುವುದು: ಮುಂಬಯಿಯ ಕನ್ನಡ ಕ್ರೈಸ್ತ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಠಾಣೆ, ಡೊಂಬಿವಲಿಗಳಲ್ಲಿ ನೆಲೆಸಿರುವ ಕನ್ನಡ ಕ್ರೈಸ್ತ ಕುಟುಂಬಗಳು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ನಡೆಸುವ ಪ್ರಾರ್ಥನಾ ಕೂಟಗಳಲ್ಲಿ ನಾನು ಅನೇಕ ವರ್ಷಗಳಿಂದ ಕುಳಿತಿದ್ದೇನೆ. ಕೂಟ ಮುಗಿದು ಚಹಾ ಬರುವ ಹೊತ್ತಿಗೆ, ಸಭಾಪಾಲಕರ ಮುಂದೆ ಕೇಳಲು ಸಂಕೋಚಪಟ್ಟ ಪ್ರಶ್ನೆಗಳು ಮೆಲ್ಲಗೆ ಹೊರಬರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಕೇಳಿಬಂದವುಗಳಿಗೆ ನನಗೆ ತಿಳಿದ ಮಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ದೇವಶಾಸ್ತ್ರ ಕಲಿತವನಲ್ಲ. ಸತ್ಯವೇದವನ್ನು ಓದುತ್ತಾ, ಪ್ರಾರ್ಥಿಸಲು ಹೆಣಗುತ್ತಾ ಬಂದ ಸಾಮಾನ್ಯ ವಿಶ್ವಾಸಿ ಮಾತ್ರ.

ಮನಃಪೂರ್ವಕವಾದ ಪ್ರಾರ್ಥನೆ ಎಂದರೆ ನಿಜವಾಗಿ ಏನು?

ಕನ್ನಡದಲ್ಲಿ "ತೋಡಿಕೊಳ್ಳುವುದು" ಎಂಬ ಒಳ್ಳೆಯ ಮಾತಿದೆ. ಬಾವಿಯನ್ನು ತೋಡುತ್ತೇವೆ, ಅಳಲನ್ನು ತೋಡಿಕೊಳ್ಳುತ್ತೇವೆ. ಸಮುವೇಲನ ಮೊದಲನೆಯ ಗ್ರಂಥದ ಮೊದಲ ಅಧ್ಯಾಯದಲ್ಲಿ ಹನ್ನಳು ಶೀಲೋವಿನ ದೇವಾಲಯದಲ್ಲಿ ಮಾಡಿದ್ದು ಇದನ್ನೇ. ಮಕ್ಕಳಿಲ್ಲದ ನೋವಿನ ಜೊತೆಗೆ ಮನೆಯಲ್ಲಿ ಸವತಿಯ ಚುಚ್ಚುಮಾತನ್ನೂ ವರ್ಷಗಟ್ಟಲೆ ಸಹಿಸಿದ್ದ ಆಕೆ ತುಟಿಯನ್ನಷ್ಟೇ ಅಲುಗಿಸುತ್ತಾ ಪ್ರಾರ್ಥಿಸುತ್ತಿದ್ದಳು, ಧ್ವನಿ ಕೇಳಿಸುತ್ತಿರಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಯಾಜಕನಾದ ಏಲಿಯು ಆಕೆ ಕುಡಿದು ಬಂದಿದ್ದಾಳೆಂದು ಭಾವಿಸಿ ಗದರಿಸಿದನು. ಪ್ರಾರ್ಥನೆಯನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದವನಿಗೆ ತನ್ನ ಕಣ್ಣೆದುರಿನಲ್ಲಿ ನಡೆಯುತ್ತಿದ್ದ ನಿಜವಾದ ಪ್ರಾರ್ಥನೆಯ ಗುರುತು ಹತ್ತಲಿಲ್ಲವೆಂಬುದನ್ನು ನಾವು, ವಿಶೇಷವಾಗಿ ಕೂಟಗಳನ್ನು ನಡೆಸುವವರು, ಆಗಾಗ ನೆನೆಯಬೇಕು.

ಈ ಕಥೆಯಲ್ಲಿ ಸುಲಭವಾಗಿ ಕಣ್ತಪ್ಪುವ ಇನ್ನೊಂದು ಸಂಗತಿಯಿದೆ. ಹನ್ನಳು ದೇವಾಲಯದಿಂದ ಎದ್ದು ಹೋಗಿ ಊಟ ಮಾಡಿದಳು, ಆಕೆಯ ಮುಖದಲ್ಲಿ ಆ ಮೇಲೆ ದುಃಖ ಕಾಣಲಿಲ್ಲ ಎಂದು 18ನೆಯ ವಚನ ಹೇಳುತ್ತದೆ. ಆಗ ಆಕೆ ಇನ್ನೂ ಬಸುರಿಯಾಗಿರಲಿಲ್ಲ, ಸವತಿಯ ಬಾಯಿಯೂ ಮುಚ್ಚಿರಲಿಲ್ಲ. ಹೊರಗೆ ಏನೂ ಬದಲಾಗಿರಲಿಲ್ಲ. ಒಳಗೆ ಮುಚ್ಚಿಟ್ಟದ್ದು ಮಾತ್ರ ಉಳಿದಿರಲಿಲ್ಲ.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ ದೇವಾಲಯಕ್ಕೆ ಪ್ರಾರ್ಥಿಸಲು ಬಂದ ಇಬ್ಬರನ್ನೂ, ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನನ್ನೂ ಜನರು ಪಾಪಿಯೆಂದು ಕಾಣುತ್ತಿದ್ದ ಸುಂಕದವನನ್ನೂ, ಹೀಗೆಯೇ ನೋಡಬಹುದು. ಫರಿಸಾಯನು ಸುಳ್ಳು ಹೇಳಿದನೆಂದು ಯೇಸು ಎಲ್ಲಿಯೂ ಹೇಳುವುದಿಲ್ಲ. ಅವನು ವಾರಕ್ಕೆ ಎರಡಾವರ್ತಿ ಉಪವಾಸ ಮಾಡುತ್ತಿದ್ದುದೂ ಸಂಪಾದನೆಯಲ್ಲಿ ಹತ್ತರಲ್ಲೊಂದು ಪಾಲು ಕೊಡುತ್ತಿದ್ದುದೂ ನಿಜವೇ ಇರಬೇಕು. ಆದರೆ ಅವನು ತನ್ನ ಲೆಕ್ಕದ ಜಮೆಯ ಪುಟವನ್ನು ಮಾತ್ರ ತೆರೆದು ತೋರಿಸಿ, ಖರ್ಚಿನ ಪುಟವನ್ನು ಕೈಯಿಂದ ಮುಚ್ಚಿ ಹಿಡಿದನು. ಸುಂಕದವನು "ದೇವರೇ, ಪಾಪಿಯಾದ ನನ್ನನ್ನು ಕರುಣಿಸು" ಎಂಬ ಒಂದೇ ವಾಕ್ಯದಲ್ಲಿ ಇಡೀ ಪುಸ್ತಕವನ್ನೇ ಮುಂದಿಟ್ಟನು. ಆದಕಾರಣ ಮನಃಪೂರ್ವಕತೆಯನ್ನು ನಾನು ಭಾವನೆಯ ಬಿಸಿಯಿಂದ ಅಳೆಯುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಮರೆಮಾಚದೆ, ದೇವರ ಮುಂದೆ ಇಡುವುದೇ ಅದು ಎಂದು ತಿಳಿದಿದ್ದೇನೆ.

ಇತರರು ಕಣ್ಣೀರಿಟ್ಟು ಪ್ರಾರ್ಥಿಸುತ್ತಾರೆ. ನನಗೆ ಅಳು ಬರುವುದಿಲ್ಲ. ನನ್ನ ಪ್ರಾರ್ಥನೆ ಒಣ ಪ್ರಾರ್ಥನೆಯೇ?

ಅಲ್ಲ. ಅಳುವುದು ಕೆಲವರ ಸ್ವಭಾವ, ಕೆಲವರದು ಅಲ್ಲ. ಹನ್ನೆರಡು ಗಂಟೆ ಕೆಲಸ ಮಾಡಿ, ಎರಡು ಗಂಟೆ ಗಾಡಿಯಲ್ಲಿ ನಿಂತು ಮನೆ ಸೇರಿದವನು "ಕರ್ತನೇ, ಈ ಹೊತ್ತು ನನ್ನಲ್ಲಿ ಯಾವ ಭಾವನೆಯೂ ಇಲ್ಲ, ನಿದ್ದೆಯೊಂದೇ ಇದೆ" ಎಂದು ಹೇಳಿದರೆ ಅದು ಪ್ರಾಮಾಣಿಕವಾದ ಪ್ರಾರ್ಥನೆ. ಇಲ್ಲದ ಕಣ್ಣೀರನ್ನು ಬಲವಂತವಾಗಿ ತರಿಸಿಕೊಳ್ಳುವುದರಲ್ಲಿಯೇ ಅಪಾಯವಿದೆ. ಬಾಯಿಂದ ನನ್ನನ್ನು ಸನ್ಮಾನಿಸುವ ಈ ಜನರ ಹೃದಯ ನನಗೆ ದೂರವಾಗಿದೆ ಎಂದು ಯೆಶಾಯನ ಪ್ರವಾದನೆಯಲ್ಲಿ (29:13) ಬರುವ ದೂರು ತುಟಿಗೆ ಅನ್ವಯಿಸುವಂತೆ ಕಣ್ಣಿಗೂ ಅನ್ವಯಿಸುತ್ತದೆ.

ನಮ್ಮ ಮಕ್ಕಳಿಗೆ ಸತ್ಯವೇದದ ಕನ್ನಡ ಬಾರದು. ಅವರು ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು?

ನಮ್ಮ ಊರುಗಳನ್ನು ಬಿಟ್ಟು ಬಂದವರ ಮನೆಗಳಲ್ಲಿ ಇದು ಅತಿ ಹೆಚ್ಚು ನೋವಿನಿಂದ ಕೇಳುವ ಪ್ರಶ್ನೆ. ಅಜ್ಜಿಯು "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಆರಂಭಿಸುತ್ತಾರೆ. ಮೊಮ್ಮಗಳು ಶಾಲೆಯ ಇಂಗ್ಲಿಷಿನಲ್ಲಿ ಯೋಚಿಸುತ್ತಾಳೆ, ಕಟ್ಟಡದ ಕೆಳಗೆ ಹಿಂದಿಯಲ್ಲಿ ಆಡುತ್ತಾಳೆ, ಅಂಗಡಿಯವನೊಡನೆ ಮರಾಠಿ ಮಾತನಾಡುತ್ತಾಳೆ. ಕೂಟದಲ್ಲಿ ಅವಳ ಸರದಿ ಬಂದಾಗ, ಹಿರಿಯರು ಬಳಸುವ "ಕೃಪಾಸನದ ಮುಂದೆ ಬರುತ್ತೇವೆ", "ಬೋಳೈಸು", "ಅನುಗ್ರಹಿಸು" ಎಂಬ ಮಾತುಗಳನ್ನು ಅರ್ಥ ತಿಳಿಯದೆ ಪೋಣಿಸಿ ಹೇಳುತ್ತಾಳೆ. ಎಲ್ಲರೂ "ಸ್ತೋತ್ರ" ಎನ್ನುತ್ತಾರೆ. ಆದರೆ ಆ ಹುಡುಗಿಯು ದೇವರೊಡನೆ ಮಾತನಾಡಿದಳೇ, ಇಲ್ಲವೇ ನಮ್ಮ ಮುಂದೆ ಪಾಠ ಒಪ್ಪಿಸಿದಳೇ?

ಸತ್ಯವೇದದ ಹಳೆಯ ಕನ್ನಡದ ಮೇಲೆ ನನಗೆ ಅಪಾರವಾದ ಪ್ರೀತಿಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರೂ ಬಳ್ಳಾರಿಯಲ್ಲಿ ಅವರಿಗಿಂತ ಮೊದಲು ಅನುವಾದಕ್ಕೆ ತೊಡಗಿದವರೂ ಜನರಿಗೆ ತಿಳಿಯುವ ಭಾಷೆಯಲ್ಲಿ ದೇವರ ವಾಕ್ಯವನ್ನು ಕೊಡಬೇಕೆಂದೇ ಅಷ್ಟು ಶ್ರಮಪಟ್ಟರು. ಅವರ ದುಡಿಮೆಯ ಫಲವಾದ ಭಾಷೆಯು ಇಂದು ಒಂದು ಮಗುವಿಗೆ ಬೇಲಿಯಾದರೆ ಅದು ಅವರ ಉದ್ದೇಶಕ್ಕೇ ವಿರುದ್ಧ. ಮಗು ಒಬ್ಬಳೇ ಇರುವಾಗ ತನಗೆ ಸಂಕಟವಾದರೆ ಯಾವ ಭಾಷೆಯಲ್ಲಿ ಗೊಣಗಿಕೊಳ್ಳುತ್ತಾಳೋ ಆ ಭಾಷೆಯಲ್ಲಿ ಪ್ರಾರ್ಥಿಸಲಿ. ಜೊತೆಗೆ ಅಜ್ಜಿಯ ಪ್ರಾರ್ಥನೆಯನ್ನೂ ಅರ್ಥ ಹೇಳಿಸಿಕೊಂಡು ಕಲಿಯಲಿ. ಅದು ಆಸ್ತಿ, ಕಳೆದುಕೊಳ್ಳಬಾರದು.

ಇದಕ್ಕೆ ಸಂಬಂಧಿಸಿದಂತೆ ಒಬ್ಬ ಹುಡುಗ ಕೇಳಿದ ಪ್ರಶ್ನೆಯನ್ನು ನಾನು ಮರೆತಿಲ್ಲ: "ಅಪ್ಪನಿಗೆ ನೀವು ಎನ್ನಬೇಕು ಎನ್ನುತ್ತೀರಿ, ದೇವರಿಗೆ ಮಾತ್ರ ನೀನು ಎನ್ನುತ್ತೀರಿ, ಏಕೆ?" ಅವನದು ಸೂಕ್ಷ್ಮವಾದ ಗಮನ. ಇಬ್ರಿಯ, ಗ್ರೀಕ್ ಮೂಲಗಳಲ್ಲಿಯೂ ದೇವರನ್ನು ಕರೆಯುವುದು ಏಕವಚನದಲ್ಲಿಯೇ. ಕನ್ನಡದ ಭಕ್ತಿಪರಂಪರೆಯಲ್ಲಿಯೂ, ಶರಣರಿಂದ ದಾಸರವರೆಗೆ, ದೇವರು "ನೀನು" ಆಗಿದ್ದಾನೆ. ಮರ್ಯಾದೆಯ ದೂರವನ್ನು ದಾಟಿದ ಸಲಿಗೆ ಅದು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ದೇವರನ್ನು ಕರೆದ ಅರಮೀಯ ಪದ "ಅಬ್ಬಾ". ನಮ್ಮ ಸತ್ಯವೇದ ಅದನ್ನು "ಅಪ್ಪಾ" ಎಂದು ಬರೆದಿದೆ. ಬೇರೆ ಭಾಷೆಯವರು ಅರ್ಥ ವಿವರಿಸಿಕೊಳ್ಳಬೇಕಾದ ಪದ ನಮಗೆ ತೊಟ್ಟಿಲಿನಲ್ಲಿಯೇ ಸಿಕ್ಕಿದೆ.

"ನಿನ್ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು" ಎಂದು ಯೇಸು ಹೇಳಿದರು. ನಮ್ಮದು ಐದು ಜನರಿರುವ ಒಂದೇ ಖೋಲಿಯ ಮನೆ. ನಾವೇನು ಮಾಡಬೇಕು?

ಚಾಳಿನಲ್ಲಿ ಬದುಕಿದವರಿಗೆ ಇದು ತಮಾಷೆಯ ಪ್ರಶ್ನೆಯಲ್ಲ. ಮತ್ತಾಯ 6:6ರಲ್ಲಿ ಕೋಣೆ ಎಂಬುದಕ್ಕೆ ಬಳಸಿರುವ ಗ್ರೀಕ್ ಪದ ತಮೇಯೊನ್. ಕಾಳುಕಡಿ, ಬೆಲೆಬಾಳುವ ಸಾಮಾನು ಇಡುವ ಒಳಮನೆಗೆ, ನಮ್ಮ ಮಾತಿನಲ್ಲಿ ಉಗ್ರಾಣಕ್ಕೆ, ಆ ಹೆಸರು. ಕೇಳುತ್ತಿದ್ದ ಬಡ ಗಲಿಲಾಯದವರಿಗೆ ಪ್ರಾರ್ಥನೆಗೆಂದೇ ಕಟ್ಟಿಸಿದ ಕೋಣೆ ಇದ್ದಿರಲಾರದು. ಯೇಸು ಹೇಳಿದ್ದು ಯಾರೂ ನೋಡದ ಕಡೆ ಎಂದು. ಬೀದಿಯ ಮೂಲೆಯಲ್ಲಿ ನಿಂತು ನೋಡುವವರಿಗಾಗಿ ಪ್ರಾರ್ಥಿಸುವವರಿಗೆ ಎದುರಾಗಿ ಈ ಮಾತು ಬಂದಿದೆ.

ಜಾನ್ ವೆಸ್ಲಿಯ ತಾಯಿ ಸುಸಾನಾ ವೆಸ್ಲಿ ಮಕ್ಕಳು ತುಂಬಿದ ಮನೆಯಲ್ಲಿ ತನ್ನ ಅಡುಗೆಯ ಮೇಲುಡುಪನ್ನು ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಿದ್ದಳು, ಆಗ ಅವಳನ್ನು ಯಾರೂ ಮಾತನಾಡಿಸಬಾರದೆಂದು ಮಕ್ಕಳಿಗೆ ಗೊತ್ತಿತ್ತು ಎಂಬ ಕಥೆಯನ್ನು ಮೆಥೊಡಿಸ್ಟ್ ಸಭೆಗಳಲ್ಲಿ ಹೇಳುತ್ತಾರೆ. ನಮ್ಮ ತಾಯಂದಿರು ಇದನ್ನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಬೆಳಗಿನ ನಾಲ್ಕೂವರೆಗೆ ನೀರು ಬರುವ ಮೊದಲೇ ಎದ್ದು, ತಲೆಯ ಮೇಲೆ ಸೆರಗು ಹೊದ್ದು, ಗೋಡೆಗೆ ಮುಖಮಾಡಿ ಕುಳಿತಿರುತ್ತಿದ್ದ ನನ್ನ ತಾಯಿಯವರ ಬೆನ್ನು ನನಗೆ ಈಗಲೂ ಕಾಣುತ್ತದೆ. ಆ ಸೆರಗೇ ಅವರ ಬಾಗಿಲು. ಮನೆಯವರೆಲ್ಲ ಕೂಡಿ ಹದಿನೈದು ನಿಮಿಷ ಟಿ.ವಿ. ಮತ್ತು ಮೊಬೈಲ್ ಬಂದ್ ಮಾಡಲು ಒಪ್ಪಿದರೆ ಒಂದೇ ಖೋಲಿಯೂ ಒಳಮನೆಯಾಗುತ್ತದೆ. ಹಾಗೆ ನೋಡಿದರೆ, ಮೂರು ಕೋಣೆಯ ಮನೆಗಳಲ್ಲಿ ಇದು ಹೆಚ್ಚು ಕಷ್ಟವೆಂಬುದನ್ನು ಕಂಡಿದ್ದೇನೆ.

ಲೋಕಲ್ ಗಾಡಿಯಲ್ಲಿ ನಿಂತುಕೊಂಡು ಮಾಡುವ ಪ್ರಾರ್ಥನೆ ಲೆಕ್ಕಕ್ಕೆ ಬರುತ್ತದೆಯೇ?

ಖಂಡಿತವಾಗಿಯೂ ಬರುತ್ತದೆ. ಪರ್ಷಿಯಾದ ಅರಸನ ಸೇವಕನಾಗಿದ್ದ ನೆಹೆಮೀಯನು ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ, ಕೈಕಟ್ಟಿ ನಿಂತಲ್ಲಿಯೇ, ಪ್ರಾರ್ಥಿಸಿದನು (ನೆಹೆಮೀಯ 2:4). ಆದರೆ ಅವನು ಅದಕ್ಕೆ ಮುಂಚೆ ಅನೇಕ ದಿನ ಉಪವಾಸವಿದ್ದು ದೇವರ ಮುಂದೆ ಕುಳಿತಿದ್ದನೆಂಬುದನ್ನು ಮೊದಲ ಅಧ್ಯಾಯ ಹೇಳುತ್ತದೆ. ಗಾಡಿಯ ನೂಕುನುಗ್ಗಲಿನಲ್ಲಿ ಉದ್ದದ ಮಾತುಗಳು ಸಾಧ್ಯವಿಲ್ಲದಿದ್ದರೆ, ಪೂರ್ವದೇಶದ ಸಭೆಗಳು ಶತಮಾನಗಳಿಂದ ಉಸಿರಿನೊಂದಿಗೆ ಹೇಳಿಕೊಂಡು ಬಂದಿರುವ ಚಿಕ್ಕ ಪ್ರಾರ್ಥನೆಯನ್ನು ಪ್ರಯತ್ನಿಸಬಹುದು: "ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು."

ಬರೆದಿಟ್ಟ ಅಥವಾ ಬಾಯಿಪಾಠದ ಪ್ರಾರ್ಥನೆಗಳು ಮನಃಪೂರ್ವಕವಾಗಬಲ್ಲವೇ?

ಈ ವಿಷಯದಲ್ಲಿ ನಮ್ಮವರಲ್ಲಿಯೇ ಎರಡು ಪಕ್ಷಗಳಿವೆ. ಜಪಸರ ಹಿಡಿಯುವ ಕಥೋಲಿಕ ನೆರೆಯವರನ್ನು ನೋಡಿ ಪ್ರೊಟೆಸ್ಟಂಟರು "ಅದು ಬರಿಯ ಪುನರುಕ್ತಿ" ಎಂದು ಹೇಳುವುದುಂಟು. ಹಾಗೆ ಹೇಳುವವರ ಸ್ವಂತ ಪ್ರಾರ್ಥನೆಯನ್ನು ಮೂರು ವಾರ ಕೇಳಿದರೆ, ಅದೇ ವಾಕ್ಯಗಳು ಅದೇ ಕ್ರಮದಲ್ಲಿ ಬರುವುದು ತಿಳಿಯುತ್ತದೆ. ಯೇಸು ಮತ್ತಾಯ 6:7ರಲ್ಲಿ ಖಂಡಿಸಿದ್ದು ಹೆಚ್ಚು ಮಾತನಾಡಿದರೆ ದೇವರು ಕೇಳುತ್ತಾನೆಂಬ ಎಣಿಕೆಯನ್ನು. ಅದೇ ಸುವಾರ್ತೆಯ 26ನೆಯ ಅಧ್ಯಾಯದಲ್ಲಿ, ಗೆತ್ಸೇಮನೆ ತೋಟದಲ್ಲಿ, ಯೇಸುವೇ ಮೂರನೆಯ ಸಾರಿ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರು. ದುಃಖ ಆಳವಾದಾಗ ಹೊಸ ಮಾತುಗಳು ಹುಟ್ಟುವುದಿಲ್ಲ.

150 ಕೀರ್ತನೆಗಳು ಇರುವುದೇ ಬೇರೆಯವರ ಮಾತನ್ನು ನಮ್ಮದನ್ನಾಗಿ ಮಾಡಿಕೊಳ್ಳಲು. ಸ್ವಂತ ಮಾತು ಬತ್ತಿದ ದಿನಗಳಲ್ಲಿ 51ನೆಯ ಕೀರ್ತನೆಯನ್ನು ನಿಧಾನವಾಗಿ, ಒಂದೊಂದು ವಚನದ ಬಳಿ ನಿಂತು ಓದಿರಿ.

ಗಟ್ಟಿಯಾಗಿ ಪ್ರಾರ್ಥಿಸಿದರೆ ಹೆಚ್ಚು ಬಲವಿರುತ್ತದೆಯೇ?

ಇಲ್ಲ. ಹನ್ನಳ ಧ್ವನಿ ಕೇಳಿಸಲಿಲ್ಲ. ಕುರುಡನಾದ ಬಾರ್ತಿಮಾಯನು ಕೂಗಿದನು. ಇಬ್ಬರ ಮೊರೆಯನ್ನೂ ದೇವರು ಕೇಳಿದನು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಚ್ಚಿ ಪ್ರಾರ್ಥಿಸುವವರು ಮಾತ್ರ ಪಕ್ಕದ ಮನೆಯ ಕಾಯಿಲೆಯವರನ್ನೂ ಪರೀಕ್ಷೆಗೆ ಓದುವ ಮಕ್ಕಳನ್ನೂ ನೆನಸಬೇಕು.

ದೇವರ ಮೇಲೆ ಸಿಟ್ಟು ಬಂದಿದೆ. ಅದನ್ನು ಪ್ರಾರ್ಥನೆಯಲ್ಲಿ ಹೇಳಬಹುದೇ?

ಹೇಳಬೇಕು. "ಇನ್ನೆಷ್ಟರವರೆಗೆ?" ಎಂದು 13ನೆಯ ಕೀರ್ತನೆ ಆರಂಭವಾಗುತ್ತದೆ. 88ನೆಯ ಕೀರ್ತನೆಯಂತೂ ಕೊನೆಯವರೆಗೂ ಸಮಾಧಾನಕ್ಕೆ ಬರುವುದಿಲ್ಲ. ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಶಿಲುಬೆಯ ಮೇಲೆ ಯೇಸುವಿನ ಬಾಯಿಂದ ಬಂದದ್ದೂ 22ನೆಯ ಕೀರ್ತನೆಯ ಮೊದಲ ಸಾಲು, ಅಂದರೆ ಕೈಬಿಟ್ಟದ್ದೇಕೆ ಎಂಬ ಪ್ರಶ್ನೆ. ಮುನಿಸಿಕೊಂಡು ಮಾತು ಬಿಟ್ಟವನಿಗಿಂತ ಎದುರು ನಿಂತು ಜಗಳವಾಡುವ ಮಗನೇ ತಂದೆಗೆ ಹತ್ತಿರದವನು. ನಮ್ಮ ಕೂಟಗಳಲ್ಲಿ ಸ್ತೋತ್ರದ ಕೀರ್ತನೆಗಳನ್ನಷ್ಟೇ ಆರಿಸಿ ಓದುವ ಅಭ್ಯಾಸದಿಂದ ನೊಂದವರಿಗೆ ಅನ್ಯಾಯವಾಗುತ್ತಿದೆಯೆಂದು ನನಗೆ ಅನ್ನಿಸುತ್ತದೆ.

ಮನಃಪೂರ್ವಕವಾಗಿ ಪ್ರಾರ್ಥಿಸಿದರೂ ಉತ್ತರ ಬರಲಿಲ್ಲ. "ನಿಮ್ಮ ನಂಬಿಕೆ ಸಾಲದು" ಎಂದು ಒಬ್ಬರು ಹೇಳಿದರು. ಅದು ನಿಜವೇ?

ಈ ಮಾತನ್ನು ನಾನು ಕೇಳಿಸಿಕೊಂಡಿದ್ದೇನೆ. ನನ್ನ ತಾಯಿಯವರು ಕ್ಯಾನ್ಸರಿನಿಂದ ಮಲಗಿದ್ದಾಗ ಬಂದಿದ್ದ ಒಬ್ಬ ಬೋಧಕರು ಮನೆಯಲ್ಲಿ ಯಾರದೋ ಅಪನಂಬಿಕೆ ಅಡ್ಡಿಯಾಗಿದೆಯೆಂದು ಎಲ್ಲರ ಮುಂದೆ ಹೇಳಿ ಹೋದರು. ಆ ದಿನದಿಂದ ತಾಯಿಯವರು ತೀರಿಹೋಗುವವರೆಗೆ ನಾವು ಮೂವರು ಮಕ್ಕಳು ಪರಸ್ಪರ ಮುಖ ನೋಡುವುದನ್ನೇ ತಪ್ಪಿಸಿಕೊಂಡೆವು; ಆ "ಯಾರೋ" ತಾನೇ ಎಂದು ಪ್ರತಿಯೊಬ್ಬರೂ ಭಾವಿಸಿದ್ದೆವೆಂಬುದು ವರ್ಷಗಳ ನಂತರ ತಿಳಿಯಿತು.

ಸತ್ಯವೇದವನ್ನು ಬಿಡಿಸಿ ನೋಡಿದರೆ ಆ ಬೋಧಕರ ಮಾತು ನಿಲ್ಲುವುದಿಲ್ಲ. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳು ತೊಲಗಬೇಕೆಂದು ಮೂರು ಸಾರಿ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ, ಕೃಪೆಯೇ ಸಾಕೆಂಬ ಉತ್ತರ ಬಂತು (2 ಕೊರಿಂಥ 12:8-9). ಅದೇ ಪೌಲನು ಕಾಯಿಲೆಯಾಗಿದ್ದ ತ್ರೊಫಿಮನನ್ನು ಮಿಲೇತದಲ್ಲಿ ಬಿಟ್ಟು ಬಂದೆನೆಂದು ಬರೆಯುತ್ತಾನೆ (2 ತಿಮೊಥೆಯ 4:20). ಪೌಲನ ನಂಬಿಕೆ ಸಾಲದಾಗಿತ್ತೇ? ತನಗೆ ಬರಲಿದ್ದ ಸಂಕಟವನ್ನು ಕುರಿತು ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದ ಯೇಸುವೇ ಆ ಪಾತ್ರೆಯನ್ನು ಕುಡಿಯಬೇಕಾಯಿತು. ಇನ್ನೊಂದು ಕಡೆ, ಮಾರ್ಕನ 9ನೆಯ ಅಧ್ಯಾಯದಲ್ಲಿ ರೋಗಿಯಾದ ಮಗನ ತಂದೆಯು ನಂಬುತ್ತೇನೆ ಎಂದ ಉಸಿರಿನಲ್ಲಿಯೇ ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಕೂಗಿಕೊಂಡನು. ಅರೆಬರೆ ನಂಬಿಕೆಯನ್ನು ಮುಚ್ಚಿಡದೆ ಒಪ್ಪಿಕೊಂಡ ಆ ತಂದೆಯ ಮಗ ಗುಣವಾದನು.

ಹಾಗಾದರೆ ಉತ್ತರ ಏಕೆ ಬರಲಿಲ್ಲ ಎಂದರೆ, ನನಗೆ ತಿಳಿಯದು. ತಿಳಿದಿದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ: ಪ್ರಾರ್ಥನೆಯ ಹೆಸರಿನಲ್ಲಿ ಔಷಧವನ್ನಾಗಲಿ ಆಸ್ಪತ್ರೆಯ ಚಿಕಿತ್ಸೆಯನ್ನಾಗಲಿ ಯಾರೂ ನಿಲ್ಲಿಸಬಾರದು. ಪೌಲನ ಜೊತೆಯಲ್ಲಿಯೇ ಪ್ರಿಯ ವೈದ್ಯನಾದ ಲೂಕನು ಇದ್ದನು (ಕೊಲೊಸ್ಸೆ 4:14).

ಮಾಹಿಮ್‌ನ ನೊವೆನಾಕ್ಕೆ ಹೋಗುವುದು, ಮೌಂಟ್ ಮೇರಿಯಲ್ಲಿ ಹರಕೆಯ ಮೇಣದ ಬತ್ತಿ ಹಚ್ಚುವುದು ದೇವರೊಡನೆ ವ್ಯಾಪಾರ ಮಾಡಿದಂತೆ ಅಲ್ಲವೇ?

ಮಾಹಿಮ್‌ನ ಸೇಂಟ್ ಮೈಕಲ್ ಚರ್ಚಿನಲ್ಲಿ 1948ರಿಂದ ಪ್ರತಿ ಬುಧವಾರ ನೊವೆನಾ, ಅಂದರೆ ಒಂಬತ್ತು ಸಾರಿ ಬಿಡದೆ ಮಾಡುವ ಕಥೋಲಿಕ ಪ್ರಾರ್ಥನೆ, ನಡೆದುಬಂದಿದೆ. ಬೇರೆ ಬೇರೆ ಧರ್ಮದವರೂ ಸಾಲಿನಲ್ಲಿ ನಿಲ್ಲುತ್ತಾರೆ. ಬಾಂದ್ರಾದ ಗುಡ್ಡದ ಮೇಲಿರುವ ಮೌಂಟ್ ಮೇರಿ ಚರ್ಚಿನ ಸೆಪ್ಟೆಂಬರ್ ಜಾತ್ರೆಯಲ್ಲಿ ಕೈ, ಕಾಲು, ಮನೆ, ಮಗುವಿನ ಆಕಾರದ ಮೇಣದ ವಸ್ತುಗಳನ್ನು ಮಾರುತ್ತಾರೆ. ನಾನು ಬೆಳೆದ ಸಭೆಯಲ್ಲಿ ಈ ಪದ್ಧತಿ ಇಲ್ಲ. ಆದುದರಿಂದ ಹೊರಗಿನವನಾಗಿ ಎಚ್ಚರದಿಂದ ಹೇಳುತ್ತೇನೆ. ಮೇಣದ ಕಾಲನ್ನು ಹಿಡಿದು ಗುಡ್ಡ ಹತ್ತುವ ಹೆಂಗಸಿಗೆ ತನಗೆ ಏನು ಬೇಕು ಎಂಬುದು ಸ್ಪಷ್ಟವಾಗಿದೆ, ಅದನ್ನು ಹತ್ತು ಜನರೆದುರು ಎತ್ತಿ ಹಿಡಿಯಲು ಅವಳಿಗೆ ನಾಚಿಕೆಯಿಲ್ಲ. "ಚಿತ್ತವಿದ್ದರೆ ಆಶೀರ್ವದಿಸು" ಎಂದು ಮಬ್ಬಾಗಿ ಬೇಡುವ ನಮ್ಮಲ್ಲಿ ಅನೇಕರಿಗೆ ಆ ಸ್ಪಷ್ಟತೆ ಇಲ್ಲ. ಹನ್ನಳೂ ಹರಕೆ ಹೊತ್ತವಳೇ. ಆದರೆ ಅವಳು ಕೊಡುತ್ತೇನೆಂದದ್ದು ತಾನು ಬೇಡಿದ ಮಗನನ್ನೇ. ಇಷ್ಟು ಕೊಟ್ಟರೆ ಇಷ್ಟು ಕೊಡಬೇಕು ಎಂಬ ಲೆಕ್ಕ ಮನಸ್ಸಿಗೆ ಬಂದರೆ, ಮೇಣವಿರಲಿ, ದಶಮಾಂಶವಿರಲಿ, ಎರಡೂ ವ್ಯಾಪಾರವೇ.

ಊರಿನ ಆಸ್ತಿಯ ವಿಷಯದಲ್ಲಿ ಅಣ್ಣನೊಡನೆ ಮಾತು ಬಿಟ್ಟಿದ್ದೇನೆ. ಪ್ರಾರ್ಥಿಸಲು ಕುಳಿತರೆ ಅದೇ ನೆನಪಿಗೆ ಬರುತ್ತದೆ.

ಅದು ಅಡ್ಡಿಯಲ್ಲ, ಬಹುಶಃ ಅದೇ ಉತ್ತರ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನವಾಗು ಎಂದು ಮತ್ತಾಯ 5:23-24 ಹೇಳುತ್ತದೆ. ನಿಮ್ಮ ಹಕ್ಕನ್ನು ಬಿಟ್ಟುಕೊಡಿ ಎಂದು ಈ ವಚನ ಹೇಳುವುದಿಲ್ಲ. ಪಾಲಿನ ಮಾತು ವಕೀಲರ ಮೂಲಕ ನಡೆಯುತ್ತಿದ್ದರೂ ಹಬ್ಬಕ್ಕೆ ಒಂದು ಫೋನ್ ಮಾಡಲು ಏನೂ ಅಡ್ಡಿಯಿಲ್ಲ.

ನಮ್ಮ ನಾಡಿನವರಲ್ಲಿ ಹೀಗೆ ಪ್ರಾರ್ಥಿಸಿದವರ ಉದಾಹರಣೆ ಇದೆಯೇ?

ಪಂಡಿತಾ ರಮಾಬಾಯಿಯವರನ್ನು ಮಹಾರಾಷ್ಟ್ರದವರೆಂದೇ ಎಲ್ಲರೂ ತಿಳಿದಿದ್ದಾರೆ; ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆತಾಯಿಗಳೊಡನೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಓದುತ್ತಾ ಅಲೆದು, ಬರಗಾಲದಲ್ಲಿ ಅವರಿಬ್ಬರನ್ನೂ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರ ಶಾಲೆಯಾದ ಶಾರದಾ ಸದನವನ್ನು ತೆರೆದರು; ಮರುವರ್ಷ ಅದು ಪುಣೆಗೆ ಹೋಯಿತು. ಬಳಿಕ ಪುಣೆಯ ಆಚೆ, ದೌಂಡಿನ ರೈಲು ದಾರಿಯಲ್ಲಿರುವ ಕೇಡಗಾಂವಿನಲ್ಲಿ ಮುಕ್ತಿ ಮಿಶನ್ ಬೆಳೆಯಿತು. ಬರಗಾಲದಲ್ಲಿ ದಿಕ್ಕಿಲ್ಲದಾದ ನೂರಾರು ಹೆಣ್ಣುಮಕ್ಕಳಿಗೆ ಅನ್ನ, ಅಕ್ಷರ, ಕಸುಬು ಮೂರೂ ಅಲ್ಲಿ ದೊರೆತವು. 1905ರ ಆರಂಭದಲ್ಲಿ ದಿನವೂ ತಮ್ಮೊಡನೆ ಪ್ರಾರ್ಥಿಸಲು ಯಾರು ಬರುತ್ತೀರಿ ಎಂದು ಅವರು ಕೇಳಿದಾಗ ಸುಮಾರು 70 ಮಂದಿ ಮುಂದೆ ಬಂದರು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಅಲ್ಲಿ ಆರಂಭವಾದ ಉಜ್ಜೀವನ, ಅಂದರೆ ವಿಶ್ವಾಸದ ಹೊಸ ಎಚ್ಚರ, ದೂರದ ದೇಶಗಳಲ್ಲಿಯೂ ಸುದ್ದಿಯಾಯಿತು.

ಉಜ್ಜೀವನಕ್ಕಿಂತಲೂ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಅವರ ಕೊನೆಯ ವರ್ಷಗಳ ಕೆಲಸ. ಸಂಸ್ಕೃತದಲ್ಲಿ "ಸರಸ್ವತಿ" ಎಂಬ ಬಿರುದು ಪಡೆದಿದ್ದ ಆ ವಿದುಷಿ, ಓದು ಬಾರದ ಹಳ್ಳಿಯ ಹೆಂಗಸರಿಗೂ ತಿಳಿಯಬೇಕೆಂದು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಸರಳ ಮರಾಠಿಗೆ ತಂದರು. 1922ರ ಏಪ್ರಿಲಿನಲ್ಲಿ ತೀರಿಹೋಗುವವರೆಗೂ ಆ ಕೆಲಸ ಅವರ ಕೈಯಲ್ಲಿತ್ತು. ದೊಡ್ಡ ಮಾತುಗಳನ್ನು ಬಲ್ಲವರೇ ಸಣ್ಣ ಮಾತುಗಳನ್ನು ಆರಿಸಿಕೊಂಡರು.

ಪ್ರಾರ್ಥನೆಯ ಕೊನೆಯಲ್ಲಿ "ಯೇಸುವಿನ ನಾಮದಲ್ಲಿ, ಆಮೆನ್" ಎಂದು ಹೇಳಲೇಬೇಕೇ? ಮರೆತರೆ ಪ್ರಾರ್ಥನೆ ತಲುಪುವುದಿಲ್ಲವೇ?

ಯೇಸುವೇ ಕಲಿಸಿಕೊಟ್ಟ ಕರ್ತನ ಪ್ರಾರ್ಥನೆಯಲ್ಲಿ "ಯೇಸುವಿನ ನಾಮದಲ್ಲಿ" ಎಂಬ ಮಾತಿಲ್ಲ. ಯೋಹಾನ 14:13ರಲ್ಲಿ ನನ್ನ ಹೆಸರಿನಲ್ಲಿ ಬೇಡಿಕೊಳ್ಳಿರಿ ಎಂದು ಹೇಳಿರುವುದು ನಿಜ. ಆದರೆ ಅದು ಪತ್ರದ ಕೊನೆಗೆ ಒತ್ತುವ ಮುದ್ರೆಯಲ್ಲ, ಅವರ ಮೇಲೆ ಭಾರ ಹಾಕಿ ತಂದೆಯ ಬಳಿಗೆ ಬರುವ ರೀತಿ. "ಆಮೆನ್" ಎಂಬ ಇಬ್ರಿಯ ಪದದ ಬೇರು ಗಟ್ಟಿಯಾಗಿರುವುದು, ಅಲುಗದಿರುವುದು ಎಂಬ ಅರ್ಥದ್ದು. ನಮ್ಮ ಕೂಟದಲ್ಲಿ ಒಬ್ಬ ವೃದ್ಧರು ಪ್ರಾರ್ಥನೆಯ ನಡುವೆ ಮಾತು ತಪ್ಪಿ, ಬಹಳ ಹೊತ್ತು ಸುಮ್ಮನಿದ್ದು, "ಉಳಿದದ್ದು ನಿನಗೆ ಗೊತ್ತು, ಅಪ್ಪಾ" ಎಂದು ಕುಳಿತುಬಿಟ್ಟರು. ಆಮೆನ್ ಹೇಳಲು ಅವರು ಮರೆತಿದ್ದರು. ಸುತ್ತಲೂ ಕುಳಿತಿದ್ದ ನಾವೇ ಅದನ್ನು ಹೇಳಿದೆವು.